ಮಾವನ ಮೂರು ಪ್ಲಗ್ಗು

ನನ್ನ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹುಚ್ಚರು ನಡುನಡುವೆ ಕೂತುಕೊಳ್ಳುತ್ತಾರೆ! ಮಾವ ಕೂತದ್ದನ್ನು ಕಳೆದ ಒಂಬತ್ತು ವರ್ಷಗಳಲ್ಲಿ ನಾನಂತೂ ನೋಡಿರಲಿಲ್ಲ. ಭಟ್ಕಳದಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುವಾಗಲೂ ನಿಂತೇ ಬರುತ್ತಾನೆ. ಸೀಟು ಖಾಲಿ ಇದ್ದರೂ ಅಷ್ಟೇ. "ಕೂತ್ರೆ ಎಂಜಿನ್ ಶಬ್ದ ಸಮಾ ಕೇಳೂದಿಲ್ಲ" ಎನ್ನುತ್ತಾನೆ. ಬಸ್ಸಿನ ಎಂಜಿನ್ ಶಬ್ದ ಇವನಿಗೆ ಯಾಕೆ ಕೇಳಬೇಕು? ಟಿಕೆಟ್ ತೆಗೆದುಕೊಂಡ ಮೇಲೆ ಅದು ಡ್ರೈವರನ ತಲೆನೋವು ತಾನೇ?

ಒಮ್ಮೆ ಹೀಗೇ ಕಂಬ ಹಿಡಿದು ನಿಂತವನು ಮಂಕಿ ದಾಟುತ್ತಲೇ ಡ್ರೈವರನ ಕಿವಿಗೆ ಬಗ್ಗಿ, "ನಿನ್ನ ಗಾಡಿದು ಒಂದು ಪ್ಲಗ್ಗು ಹೋಗದೆ. ನಡುಗೂದು ಗೊತ್ತಾಗೂದಿಲ್ಯಾ?" ಎಂದನಂತೆ.

"ಅಜ್ಜಾ, ಇದು ಡೀಸೆಲ್ ಗಾಡಿ. ಇದ್ಕೆ ಆ ಪ್ಲಗ್ಗೇ ಇಲ್ಲ."

ಇಡೀ ಬಸ್ಸು ನಕ್ಕಿತು. ಬೇರೆಯವರಾಗಿದ್ದರೆ ನಾಚಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದರು. ನಮ್ಮ ಮಾವ ಗಾಬರಿಯಾದ! "ಕಿಡಿ ಹಾರ್ಸೂ ಪ್ಲಗ್ಗೇ ಇಲ್ದೆ ಇಷ್ಟು ಜನ್ರನ್ನ ಕೂರ್ಸ್ಕಂಡು ಹೊಂಟಿದ್ಯಾ?" ಎಂದು ಬೈದು, ಹೊನ್ನಾವರ ಸ್ಟ್ಯಾಂಡಿನಲ್ಲಿ ಇಳಿದು, ಅರ್ಧ ಗಂಟೆ ಅತ್ತಿಂದಿತ್ತ ತಿರುಗಿ, ಬೇರೆ ಬಸ್ಸು ಹತ್ತಿ ಬಂದ. ಅದೂ ಡೀಸೆಲ್ ಬಸ್ಸೇ. ಆದರೆ ಅದರ ಡ್ರೈವರನನ್ನು ಅವನು ಏನೂ ಕೇಳಲಿಲ್ಲವಂತೆ.

ಮಾವ ಎಂದರೆ ನನ್ನ ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಅರವತ್ತಾರು ವಯಸ್ಸು. ಹೆಬಳೆಯಲ್ಲಿ ಮಲ್ಲಿಗೆ ಬೆಳೆಯುತ್ತಾನೆ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಪೋಣಿಸಿ, ಭಟ್ಕಳ ಪೇಟೆಗೆ ಕೊಟ್ಟು ಬರುವುದು ಅವನ ಕಸುಬು. ಮೆಕ್ಯಾನಿಕ್ ಅಲ್ಲ, ಡ್ರೈವರ್ ಅಲ್ಲ, ಯಾವ ಗ್ಯಾರೇಜಿನಲ್ಲೂ ಕೆಲಸ ಕಲಿತವನಲ್ಲ. ಅವನ ಬಳಿ ಈಗ ಸ್ವಂತ ಕಾರೂ ಇಲ್ಲ. ಇಂಥವನು ಪ್ರತಿ ತಿಂಗಳು ಎರಡನೇ ಭಾನುವಾರ ಅಷ್ಟು ದೂರ ನಿಂತುಕೊಂಡೇ ಬಂದು ಮಾಡುವ ಕೆಲಸವೇನು? ನನ್ನ ಕಾರಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ನೋಡುವುದು!

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪೆಟ್ರೋಲ್ ಗಾಡಿಯ ಎಂಜಿನ್ನಿನೊಳಗೆ ಕಿಡಿ ಹಾರಿಸುವ ಬೆರಳುದ್ದದ ವಸ್ತುವೇ ಸ್ಪಾರ್ಕ್ ಪ್ಲಗ್ಗು. ಅರ್ಧ ಪಿಂಗಾಣಿ, ಅರ್ಧ ಕಬ್ಬಿಣ. ನನ್ನದು ಸಣ್ಣ ಕಾರು, ಮೂರು ಪ್ಲಗ್ಗು. ಕಾರಿನ ಜೊತೆ ಬಂದ ಪುಸ್ತಕದ ಪ್ರಕಾರ ಮೂವತ್ತು ನಲವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಬದಲಿಸಿದರೆ ಸಾಕು. ನಾನು ಕುಮಟಾದ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮೀನು ಮಾರ್ಕೆಟ್ಟಿಗೆ, ಅಲ್ಲಿಂದ ಮನೆಗೆ. ಈ ಲೆಕ್ಕದಲ್ಲಿ ನಾನು ನಿವೃತ್ತನಾದ ಮೇಲೆ ಒಮ್ಮೆ ಪ್ಲಗ್ಗು ಬದಲಿಸಿದರೆ ಆಗುತ್ತಿತ್ತು.

"ಪುಸ್ತಕ ಬರ್ದವ್ರು ಕಡಲ ಬದಿಗೆ ಇದ್ರಾ?" ಎಂದು ಮಾವ ಕೇಳುತ್ತಾನೆ. "ಉಪ್ಪು ಗಾಳಿ ಅವ್ರಿಗೆ ಎಂತ ಗೊತ್ತು?" ಅವನ ಪ್ರಕಾರ ಕಿಲೋಮೀಟರ್ ನೋಡುವುದು ಸೋಮಾರಿಗಳ ಪದ್ಧತಿ. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಗಾಡಿ ಎದ್ದರೆ ಸರಿ. ಒಮ್ಮೆ ಕೆಮ್ಮಿದರೆ ಗುಮಾನಿ ಪಡಬೇಕು. ಎರಡು ಸಲ ಕೆಮ್ಮಿದರೆ ಬಿಚ್ಚಬೇಕು. ನಿಂತಲ್ಲಿ ನಡುಗಿದರೆ, ಏರಿನಲ್ಲಿ ಉಸಿರು ಕಟ್ಟಿದರೆ, ಪೆಟ್ರೋಲು ಹೆಚ್ಚು ಕುಡಿದರೆ ಬದಲಿಸಿಯೇ ಬಿಡಬೇಕು. "ಹೋಗೂ ಮುಂಚೆ ಬದ್ಲಿಸೂದು ಪ್ಲಗ್ಗು. ಹೋದ ಮೇಲೆ ಬದ್ಲಿಸೂದು ಬರೀ ಕಬ್ಣ" ಎನ್ನುವಾಗ ಅವನ ಮುಖ ನೋಡಬೇಕು. ಗುಮಾನಿ ಬಂದ ತಿಂಗಳು ಹೊಸ ಪ್ಲಗ್ಗು ಹಾಕುತ್ತಾನೆ. ಗುಮಾನಿ ಬಾರದ ತಿಂಗಳು ಅವನ ಪಂಚಾಂಗದಲ್ಲಿ ಇಲ್ಲ. ಹೀಗೆ ತೆಗೆದ ಒಳ್ಳೊಳ್ಳೆಯ ಪ್ಲಗ್ಗುಗಳನ್ನೆಲ್ಲ ನೆರೆಮನೆಯವರು ಗಾಳದ ದಾರಕ್ಕೆ ಭಾರವಾಗಿ ಕಟ್ಟಿಕೊಳ್ಳಲು ಒಯ್ಯುತ್ತಾರೆ. ಅಘನಾಶಿನಿ ಹೊಳೆಯ ತಳದಲ್ಲಿ ಈಗ ಮೀನಿಗಿಂತ ನನ್ನ ಪ್ಲಗ್ಗುಗಳೇ ಹೆಚ್ಚಿರಬಹುದು.

ಅವನ ಕೈಚೀಲದ ವೈಭವ ಕೇಳಿ. ಒಂದು ಪ್ಲಗ್ ಸ್ಪ್ಯಾನರ್. ಒಂದು ಹಳೆಯ ಹಲ್ಲುಜ್ಜುವ ಬ್ರಷ್. ಒಂದು ಗೇಣು ರಬ್ಬರ್ ಪೈಪು. ಬೆಳಿಗ್ಗೆಯಷ್ಟೇ ಮುರಿದ ಪಪ್ಪಾಯಿ ಎಲೆಯ ದಂಟು. ಒಂದು ಸುರುಳಿ ಬಾಳೆನಾರು. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ. ಪ್ಲಗ್ಗು ಉಜ್ಜುವವರೆಲ್ಲ ಇಟ್ಟುಕೊಳ್ಳುವ ಮರಳು ಕಾಗದ ಮಾತ್ರ ಅದರಲ್ಲಿಲ್ಲ. ಯಾಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಎಂಜಿನ್ ತಣ್ಣಗಿರಬೇಕು. ಬಿಸಿ ಇದ್ದರೆ ಮಾವ ಅಂಗಳದಲ್ಲಿ ಸುತ್ತು ಹೊಡೆಯುತ್ತ ಕಾಯುತ್ತಾನೆ. ತೆಂಗಿನ ಮರದಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ತೆಂಗಿನ ಮರಕ್ಕೆ. ಆಮೇಲೆ ಪ್ಲಗ್ಗಿನ ತಲೆಗೆ ಸಿಕ್ಕಿಸಿದ ವೈರಿನ ಟೋಪಿ ತೆಗೆಯುವುದು. "ಬಾಲ ಹಿಡ್ದು ಎಳೀಬೇಡ, ಕುತ್ಗೆ ಹಿಡಿ!" ಪಪ್ಪಾಯಿ ದಂಟು ಟೊಳ್ಳು ತಾನೇ? ಅದನ್ನು ಪ್ಲಗ್ಗು ಕೂತ ಗುಳಿಯೊಳಗೆ ಇಳಿಬಿಟ್ಟು ಉಫ್ ಎಂದು ಊದಿ ಧೂಳು ಹಾರಿಸುತ್ತಾನೆ. ಧೂಳು ಸೀದಾ ನನ್ನ ಮುಖಕ್ಕೆ! ಒಂದು ಬಿಚ್ಚಿ, ನೋಡಿ, ಹಾಕಿದ ಮೇಲೆಯೇ ಮತ್ತೊಂದು. ಕಿಡಿ ಹಾರುವ ತುದಿಯ ಸಂದನ್ನು ಅಳೆಯಲು ಅಂಗಡಿಯಲ್ಲಿ ಉಕ್ಕಿನ ಪಟ್ಟಿ ಸಿಗುತ್ತದೆ. ಮಾವನಿಗೆ ಅದು ಬೇಡ. ಬಾಳೆನಾರನ್ನು ಎರಡು ಮಡಿಕೆ ಮಾಡಿ ಸಂದಿನಲ್ಲಿ ಎಳೆಯುತ್ತಾನೆ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಸಡಿಲ, ಬಾರದಿದ್ದರೆ ಕಿರಿದು. ಒಮ್ಮೆ ಅನುಮಾನ ಬಂದು ನಾನು ಗುಟ್ಟಾಗಿ ಗ್ಯಾರೇಜಿಗೆ ಒಯ್ದು ಅಳೆಸಿದೆ. ಮೆಕ್ಯಾನಿಕ್ ಮೂರನ್ನೂ ನೋಡಿ, "ಎಲ್ಲಿ ಮಾಡ್ಸಿದ್ದು? ಭಾರೀ ಕರೆಕ್ಟ್ ಅದೆ" ಎಂದ. ಹೂವಿನ ತೋಟದಲ್ಲಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕೂಡಿಸುವಾಗ ಪ್ಲಗ್ಗಿನ ತಲೆಗೆ ರಬ್ಬರ್ ಪೈಪು ಸಿಕ್ಕಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ತಿರುಗಿಸುತ್ತಾನೆ. ಎಲ್ಲಾದರೂ ತಡೆದರೆ ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ಶುರು. "ಅದ್ಕೆ ಬ್ಯಾಡ ಅಂದ್ರೆ ಬ್ಯಾಡ. ಜೋರು ಮಾಡಿದ್ರೆ ತಿರುಪಿನ ಮರೆ ಹಾಳಾಗ್ತದೆ, ಮತ್ತೆ ಜನ್ಮದಲ್ಲಿ ಕೂರೂದಿಲ್ಲ." ಪೂರ್ತಿ ಕೂತ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿ. ಇಡೀ ದಿನದಲ್ಲಿ ಅವನ ದೇಹ ಅಲುಗಾಡದೆ ಇರುವ ಗಳಿಗೆ ಇದೊಂದೇ.

ಬಿಚ್ಚಿದ ಪ್ಲಗ್ಗಿನ ಬಣ್ಣ ನೋಡಿ ಅವನು ಭವಿಷ್ಯ ಹೇಳುತ್ತಾನೆ. ಭೂತವನ್ನೂ ಹೇಳುತ್ತಾನೆ; ನನಗೆ ಕಷ್ಟವಾದದ್ದು ಅದೇ! ಚಾದ ಬಣ್ಣವಿದ್ದರೆ ಎಂಜಿನ್ ಆರೋಗ್ಯ. ಕಾಡಿಗೆಯಂತೆ ಕಪ್ಪಾಗಿದ್ದರೆ ನಾನು ಗಾಡಿಯನ್ನು ಪೇಟೆಯಲ್ಲೇ ತೆವಳಿಸಿದ್ದೇನೆ. ಬೆಳ್ಳಗಿದ್ದರೆ ಬೆವರಿಳಿಸಿದ್ದೇನೆ. ಒಂದು ತಿಂಗಳು ಪ್ಲಗ್ಗು ಎತ್ತಿ ಹಿಡಿದು, "ಈ ಸಲ ದೂರ ಹೋಗಿದ್ಯಲಾ? ಏರು ಹತ್ತಿದ್ದೆ. ಯಾಣಕ್ಕಾ?" ಎಂದುಬಿಟ್ಟ. ನಾನೂ ಹೆಂಡತಿಯೂ ಯಾಣಕ್ಕೆ ಹೋದದ್ದು ನಿಜ. ಆದರೆ ಮಂಡಿ ನೋವಿನ ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಾಳೆಂದು, ಕಚೇರಿಯ ಕಾರ್ಯಕ್ರಮ ಎಂದು ಹೇಳಿ ಹೋಗಿದ್ದೆವು! ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆಯ ಸದ್ದು ಒಮ್ಮೆಲೇ ನಿಂತಿತು. ಆ ವಾರವೆಲ್ಲ ಅಮ್ಮ ನನಗೆ ಬಡಿಸಿದ ಸಾರಿನಲ್ಲಿ ಮೀನಿನ ತಲೆ ಬಿಟ್ಟು ಬೇರೇನೂ ಇರಲಿಲ್ಲ.

ಇಷ್ಟಾದರೂ ಅಮ್ಮ ತಮ್ಮನಿಗೆ "ಚಲೋ ಹೇಳ್ದೆ" ಎಂದೂ ಅನ್ನಲಿಲ್ಲ, "ನಿಂಗೆ ಯಾಕೆ ಬೇಕಿತ್ತು" ಎಂದೂ ಅನ್ನಲಿಲ್ಲ. ಯಾಕೆಂದರೆ ಒಂಬತ್ತು ವರ್ಷಗಳಿಂದ ಅವರಿಬ್ಬರಿಗೆ ಮಾತಿಲ್ಲ.

ಇದನ್ನು ತಮಾಷೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಬೇಗ ಹೇಳಿ ಮುಗಿಸುತ್ತೇನೆ. ಆಗ ಮಾವನ ಬಳಿ ಒಂದು ಹಳೆಯ ಕಾರಿತ್ತು, ಅದಕ್ಕೂ ಮೂರೇ ಪ್ಲಗ್ಗು. ಅದರಲ್ಲಿ ಮಲ್ಲಿಗೆ ಸಾಗಿಸುತ್ತಿದ್ದ. ಪ್ಲಗ್ಗು ಸವೆದಿದೆ, ಬದಲಿಸು ಎಂದು ಗ್ಯಾರೇಜಿನವನು ಹೇಳಿದ್ದ. "ಇನ್ನೂ ನಡೀತದೆ" ಎಂದು ಮಾವ ಅವನ್ನೇ ಮರಳು ಕಾಗದದಿಂದ ಉಜ್ಜಿ ಉಜ್ಜಿ ಹಾಕುತ್ತಿದ್ದ. ಒಂದು ದಿನ ಹೆಬಳೆಯಲ್ಲಿ ಅಜ್ಜಿಗೆ, ಅಂದರೆ ಇವರಿಬ್ಬರ ತಾಯಿಗೆ, ಕಾಯಿಲೆ ಜೋರಾಯಿತು. ಮಾವ ಕುಮಟಾಕ್ಕೆ ಓಡಿ ಬಂದು ಅಮ್ಮನನ್ನು ಕಾರಿಗೆ ಹತ್ತಿಸಿಕೊಂಡ. ಹೊನ್ನಾವರದಲ್ಲಿ ಶರಾವತಿ ಸೇತುವೆಗೆ ಹತ್ತುವ ಮೊದಲೇ ಗಾಡಿ ನಡುಗಿ ನಿಂತಿತು. ಮಾವ ಇಳಿದು ಪ್ಲಗ್ಗು ಬಿಚ್ಚಿ ಉಜ್ಜಲು ತೊಡಗಿದ. ಭಟ್ಕಳದ ಬಸ್ಸೊಂದು ಬಂತು. ಅಮ್ಮ ಕೈ ಮಾಡಹೋದಳು. "ಐದೇ ನಿಮಿಷ ಅಕ್ಕಾ, ಈಗ ಆತು" ಎಂದ. ಇನ್ನೊಂದು ಬಸ್ಸು ಬಂತು. "ಐದೇ ನಿಮಿಷ." ಮೂರನೆಯದೂ ಹೋಯಿತು. ಕೊನೆಗೆ ಗಾಡಿ ಎದ್ದು ಇವರು ಹೆಬಳೆ ಮುಟ್ಟುವಾಗ ಅಜ್ಜಿಯ ಕಣ್ಣು ಮುಚ್ಚಿ ಕಾಲು ಗಂಟೆಯಾಗಿತ್ತು. ಕೊನೆಯವರೆಗೂ ಮಗಳನ್ನು ಕೇಳುತ್ತಿದ್ದಳಂತೆ.

ಅಮ್ಮ ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. "ಮೂರು ಪ್ಲಗ್ಗು" ಎಂದಳಂತೆ, ಅಷ್ಟೇ. ಆಮೇಲೆ ಅವನೊಡನೆ ಮಾತಾಡಲಿಲ್ಲ. ಹನ್ನೆರಡನೆಯ ದಿನದ ಊಟ ಮುಗಿದ ವಾರವೇ ಮಾವ ಆ ಕಾರನ್ನು ಗುಜರಿಗೆ ಕೊಟ್ಟ. ಅದೇ ವರ್ಷ ನಾನು ಕಾರು ಕೊಂಡೆ. ಮುಂದಿನ ಎರಡನೇ ಭಾನುವಾರ ನಮ್ಮ ಗೇಟಿನಲ್ಲಿ ಸ್ಪ್ಯಾನರ್ ಹಿಡಿದ ಮಾವ ನಿಂತಿದ್ದ. "ಅಕ್ಕ ಈ ಗಾಡೀಲಿ ಓಡಾಡ್ತದಲಾ, ಒಂದ್ಸಲ ನೋಡ್ತೆ" ಎಂದ. ಅಂದಿನಿಂದ ಅಂಗಳದವರೆಗೆ ಬರುತ್ತಾನೆ. ಹೊಸ್ತಿಲು ದಾಟುವುದಿಲ್ಲ. ಅಮ್ಮ ಹೊಸ್ತಿಲಿನಿಂದ ಈಚೆ ಬರುವುದಿಲ್ಲ. ನಡುವೆ ಕಾರು ಇದೆ, ನಾನಿದ್ದೇನೆ. ಅಪ್ಪ ಜಗಲಿಯಲ್ಲೇ ಇರುತ್ತಾನಾದರೂ ಆ ಹೊತ್ತು ಪೇಪರಿನಿಂದ ತಲೆ ಎತ್ತುವುದಿಲ್ಲ. ಸಂಸಾರ ನಡೆಸಿದ ಅನುಭವ!

ಹಾಗಂತ ಅವರು ಮಾತಾಡುವುದಿಲ್ಲ ಎಂದೂ ಹೇಳಲಾಗದು. ಅಮ್ಮ ಕಿಟಕಿಯೊಳಗಿಂದ, "ಚಾ ಆರ್ತಾ ಅದೆ ಅಂತೇಳಾ" ಎಂದು ನನಗೆ ಹೇಳುತ್ತಾಳೆ. ಮೂರು ಮಾರು ದೂರದಲ್ಲಿರುವ ಮಾವನಿಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ನನ್ನ ಮುಖ ನೋಡುತ್ತ ನಿಲ್ಲುತ್ತಾನೆ! ನಾನು, "ಮಾವಾ, ಚಾ ಆರ್ತಾ ಅದಂತೆ" ಎನ್ನಬೇಕು. ಆಗ ಅವನು, "ಸಕ್ರೆ ಕಮ್ಮಿ ಹಾಕೂಕೆ ಹೇಳು, ಶುಗರ್ ಅದೆ ಅದ್ಕೆ" ಎನ್ನುತ್ತಾನೆ. ಶುಗರ್ ಇರುವುದು ಅಮ್ಮನಿಗೆ. "ಅದೆಲ್ಲ ನೋಡೂಕೆ ಡಾಕ್ಟರ್ ಇದಾರೆ ಅಂತೇಳು." "ಡಾಕ್ಟರ್ ಹತ್ರ ಹೋಗಿ ಎಷ್ಟು ದಿನ ಆತು ಅಂತ ಕೇಳು." ಹೀಗೆ ಅರ್ಧ ಗಂಟೆ. ನನ್ನ ಗಂಟಲು ಒಣಗುತ್ತದೆ. ಒಮ್ಮೆ ರೇಗಿ, "ನೀವಿಬ್ರೇ ಮಾತಾಡಿ ಮಾರಾಯ್ರೆ, ನಂಗೆ ಕೆಲ್ಸ ಅದೆ!" ಎಂದು ಕೂಗಿದೆ. ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು. ನನ್ನನ್ನು ಬೈಯುವುದರಲ್ಲಿ ಅವರಿಗೆ ಯಾವಾಗಲೂ ಒಮ್ಮತ.

ಎಲ್ಲ ಮುಗಿದ ಮೇಲೆ ಮಾವ ಬಾಳೆಲೆ ಬಿಚ್ಚಿ ಮಲ್ಲಿಗೆ ದಂಡೆಯನ್ನು ಕಾರಿನ ಕನ್ನಡಿಗೆ ಕಟ್ಟುತ್ತಾನೆ. ಹೆಬಳೆ ಮನೆಯ ಗಂಟು ಬೇರೆ ತರಹ: ಎರಡು ಸುತ್ತು, ಒಂದು ಕುಣಿಕೆ, ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ಅಜ್ಜಿ ಮಕ್ಕಳಿಬ್ಬರಿಗೂ ಅದನ್ನು ಕಲಿಸಿದ್ದಳು. ನನಗೆ ಎಷ್ಟು ಸಲ ತೋರಿಸಿದರೂ ಬಂದಿಲ್ಲ. "ಕಾರಿಗೆ ಇಷ್ಟುದ್ದದ ದಂಡೆ ಎಂತಕ್ಕೆ ಮಾವಾ?" ಎಂದರೆ, "ಕನ್ನಡಿ ದೊಡ್ಡದದೆ" ಎನ್ನುತ್ತಾನೆ. ಅಂಗೈಯಗಲದ ಕನ್ನಡಿ! ಅವನು ಗೇಟು ದಾಟಿದ ಹತ್ತು ನಿಮಿಷಕ್ಕೆ ಕನ್ನಡಿ ಬೋಳು, ಅಮ್ಮನ ತುರುಬಿನ ತುಂಬ ಹೂ. "ಬಿಸ್ಲಿಗೆ ಬಾಡ್ತದೆ ಅಂತ ತೆಗ್ದೆ" ಎನ್ನುತ್ತಾಳೆ. ಹೂ ಬಾಡಿದ ಮೇಲೆ ಆ ಬಾಳೆನಾರನ್ನೂ ಎಸೆಯುವುದಿಲ್ಲ. ಸುತ್ತಿ ಉಪ್ಪಿನ ಭರಣಿಯ ಪಕ್ಕ ಇಡುತ್ತಾಳೆ. ಹರಿವೆ ಸೊಪ್ಪು ಕಟ್ಟಿಡಲು ಬೇಕಂತೆ.

ಈ ಮಧ್ಯೆ ನಾನೂ ಒಮ್ಮೆ ಪೌರುಷ ತೋರಿಸಿದ್ದುಂಟು. ಪ್ಲಗ್ಗು ಹಾಕಲು ಮಾವನೇ ಬೇಕೆ ಎಂದು, ಅವನಿಲ್ಲದ ಒಂದು ಭಾನುವಾರ ಮೂರನ್ನೂ ಒಟ್ಟಿಗೆ ಬಿಚ್ಚಿ, ಒರೆಸಿ, ಹಾಕಿ, ಕೀಲಿ ತಿರುಗಿಸಿದೆ. ಢಮ್! ಹಿಂದಿನ ಕೊಳವೆಯಿಂದ ಹೊಗೆ! ನೆರೆಮನೆಯ ಕೋಳಿಗಳು ಮೂರು ದಿನ ಮೊಟ್ಟೆಯಿಡಲಿಲ್ಲ ಎಂಬ ದೂರು ಇಂದಿಗೂ ಇದೆ. ಆಗ ಕಿಟಕಿಯಿಂದ ಅಮ್ಮ ಕೂಗಿದಳು: "ನಡೂದಕ್ಕೆ ಆ ವೈರಲ್ಲ, ಈ ಕಡೆ ಗಿಡ್ಡ ವೈರು!" ಬದಲಿಸಿ ನೋಡಿದೆ. ಗಾಡಿ ಸುಮ್ಮನೆ ಎದ್ದಿತು. ಅಂದಾಜಿಗೆ ಹೇಳಿದ್ದು ಸರಿಯಾಯಿತು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಕಾರಿಗೆ ವಯಸ್ಸಾಯಿತು. ಕಚೇರಿಯಲ್ಲಿ ಇಬ್ಬರು ಕರೆಂಟಿನ ಕಾರು ತಂದರು. ಸದ್ದಿಲ್ಲ, ಹೊಗೆಯಿಲ್ಲ, ರಾತ್ರಿ ಫೋನಿಗೆ ಚುಚ್ಚಿದಂತೆ ಚುಚ್ಚಿಟ್ಟರೆ ಬೆಳಿಗ್ಗೆ ತಯಾರು. ನನಗೂ ಆಸೆ ಹತ್ತಿತು. ಒಂದು ಎರಡನೇ ಭಾನುವಾರ ಮಾವ ಪ್ಲಗ್ಗು ಬಿಗಿಯುತ್ತಿದ್ದಾಗ ಉತ್ಸಾಹದಿಂದ ಹೇಳಿದೆ:

"ಮಾವಾ, ಇನ್ನು ನಿಂಗೆ ಈ ತ್ರಾಸಿಲ್ಲ. ಇದನ್ನ ಮಾರಿ ಕರೆಂಟಿನ ಕಾರು ತರ್ತೆ."

"ಹೌದಾ? ಅದ್ಕೆ ಎಷ್ಟು ಪ್ಲಗ್ಗು?"

"ಒಂದೂ ಇಲ್ಲ!"

ಮಾವ ನಗುತ್ತಾನೆ, ಇಲ್ಲವೇ ಬಸ್ಸಿನ ಡ್ರೈವರನಿಗೆ ಬೈದಂತೆ ನನಗೂ ಬೈಯುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಬ್ರಷ್ಷು, ಪೈಪು, ದಂಟು ಎಲ್ಲವನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿದ. ಕನ್ನಡಿಗೆ ಹೂ ಕಟ್ಟಿದ. "ಹಂಗಾರೆ ಆತು" ಎಂದು ಚಾ ಕುಡಿಯದೆ ಹೊರಟುಹೋದ. ಚಾ ಆರಿತು ಎಂದು ಕಿಟಕಿಯಿಂದ ಎರಡು ಸಲ ಕೇಳಿ ಬಂತು. ಹೇಳಲು ಮಾವನೇ ಇರಲಿಲ್ಲ.

ಮುಂದಿನ ತಿಂಗಳು ಅವನು ಬರಲಿಲ್ಲ. ಫೋನು ಮಾಡಿದರೆ ಮೊಗ್ಗು ಕೊಯ್ಯಲು ಜನ ಸಿಗುತ್ತಿಲ್ಲ ಎಂದ. ಅದರ ಮುಂದಿನ ತಿಂಗಳೂ ಬರಲಿಲ್ಲ. "ನೀ ಕಾರು ಮಾರ್ತಿದ್ದೆ. ಅಲ್ಲಿ ನಂಗೆ ಎಂತ ಕೆಲ್ಸ?" ಎಂದ. ನನಗೆ ಪೆಟ್ಟು ತಿಂದಂತಾಯಿತು. ಪ್ಲಗ್ಗು ಹೋದರೆ ಅವನಿಗೆ ನಮ್ಮ ಅಂಗಳಕ್ಕೆ ಬರುವ ನೆಪವೇ ಹೋಗುತ್ತದೆ, ಹೀಗೇ ಬಿಟ್ಟರೆ ಇಬ್ಬರಲ್ಲಿ ಒಬ್ಬರು ಮೇಲೆ ಹೋಗುವವರೆಗೂ ಈ ಅಕ್ಕ-ತಮ್ಮ ಮಾತಾಡುವುದಿಲ್ಲ ಎಂಬುದು ನನ್ನ ಮಂದ ತಲೆಗೆ ಆಗ ಹೊಳೆಯಿತು. ಆದರೆ ಅಷ್ಟರಲ್ಲಿ ಕಾರು ನೋಡಲು ಬರುವವರಿಗೆ ಮಾತು ಕೊಟ್ಟಾಗಿತ್ತು.

ಅಮ್ಮನ ಚಡಪಡಿಕೆಯಂತೂ ಹೇಳತೀರದು. ತೊಳೆದ ಲೋಟವನ್ನೇ ತೊಳೆದಳು. ಬಸ್ಸಿನ ಸದ್ದಾದಾಗಲೆಲ್ಲ ಕಿಟಕಿಗೆ ಬಂದಳು. ಎರಡನೇ ಭಾನುವಾರ ಒಂದು ತುಂಡು ಮೀನು ಹೆಚ್ಚಿಗೆ ಹುರಿಯುವುದು ಅವಳ ರೂಢಿ; ಮಾವ ಒಳಗೆ ಬಂದು ಉಣ್ಣುವವನಲ್ಲ, ಪ್ರತಿ ಸಲ ಅದು ಬೆಕ್ಕಿಗೆ. ಆ ಎರಡು ತಿಂಗಳು ಬೆಕ್ಕಿಗೂ ಕೊಡದೆ ಮುಚ್ಚಿಟ್ಟುಕೊಂಡು ಸಂಜೆಯವರೆಗೆ ಕಾದಳು. ನನ್ನ ಹೊಸ ಕಾರಿನ ಮೇಲೆ ದಿನಕ್ಕೊಂದು ತಕರಾರು. "ಮಳೆಗಾಲದಲ್ಲಿ ನಾಕು ದಿನ ಕರೆಂಟಿಲ್ದಿದ್ರೆ ಎಂತ ಮಾಡ್ತೆ? ಹೊತ್ಕಂಡು ಹೋಗ್ತ್ಯಾ?" ಹಳೆಯ ಕಾರಿನ ಸೀಟು ಬೆನ್ನು ಮುರಿಯುತ್ತದೆ ಎಂದು ವರ್ಷಗಟ್ಟಲೆ ಗೊಣಗಿದವಳು ಇವಳೇ!

ಮೂರನೇ ತಿಂಗಳು, ಸರಿಯಾಗಿ ಎರಡನೇ ಭಾನುವಾರ ಬೆಳಿಗ್ಗೆ, ಕತಗಾಲದಿಂದ ಒಬ್ಬ ಹವ್ಯಕ ತೋಟದವರು ಕಾರು ನೋಡಲು ಬಂದರು. ಹಿಂದಿನ ಸಂಜೆ ತಾನೇ ನಾನು ಅದನ್ನು ಓಡಿಸಿದ್ದೆ, ಬೆಣ್ಣೆಯಂತೆ ಓಡಿತ್ತು. ಈಗ ಕೀಲಿ ತಿರುಗಿಸಿದರೆ ಗಾಡಿ ಎದ್ದಿತು, ಆದರೆ ಚಳಿಜ್ವರ ಬಂದವರಂತೆ ಗಡಗಡ ನಡುಗತೊಡಗಿತು. ಬಂದವರು ಬಾಗಿಲು ತೆರೆದು ಕೂರಲು ಒಂದು ಕಾಲಿಟ್ಟವರು ಹಾಗೆಯೇ ಹಿಂದೆ ತೆಗೆದರು.

"ಎಂತಾ ಮಾರಾಯಾ, ಹಿಂಗೆ ನಡುಗ್ತಾ ಇದ್ದು! ದೇವಿಮನೆ ಘಾಟಿ ಹತ್ತತ್ತಿಲ್ಲೆ ಇದು."

"ನಿನ್ನೆ ಸರಿ ಇತ್ತು, ದೇವರಾಣೆ!"

"ನಿನ್ನೆ ಇದ್ದಿಕ್ಕು. ಆದ್ರೆ ಯಂಗೆ ಬೇಡ."

ಅಮ್ಮ ಅವರಿಗೆ ಕೋಕಂ ಪಾನಕ ಕೊಟ್ಟಳು. ಬೇಡವೆಂದರೂ ಇನ್ನೊಂದು ಲೋಟ ಕೊಟ್ಟಳು. ಹೋಗುವಾಗ ಅವರ ಕೈಗೆ ನಾಲ್ಕು ನುಗ್ಗೆಕಾಯಿಯನ್ನೂ ಕೊಟ್ಟಳು. ಮಗನ ಕಾರು ಬೇಡವೆಂದವರಿಗೆ ಇಷ್ಟು ಉಪಚಾರವೇ? ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಬಾನೆಟ್ ಎತ್ತಿದೆ.

ನಡುವಿನ ಪ್ಲಗ್ಗಿನ ಟೋಪಿ ಕಳಚಿತ್ತು. ತಾನಾಗಿ ಕಳಚಿದ್ದಲ್ಲ. ಬಾಲ ಹಿಡಿದು ಎಳೆಯದೆ, ಕುತ್ತಿಗೆ ಹಿಡಿದು ನಾಜೂಕಾಗಿ ತೆಗೆದದ್ದು. ಆ ಗಿಡ್ಡ ವೈರು ನೇತಾಡಿ ಹಾಳಾಗದಂತೆ ಅದನ್ನು ಪಕ್ಕದ ಪೈಪಿಗೆ ಬಾಳೆನಾರಿನಿಂದ ಕಟ್ಟಿಟ್ಟಿತ್ತು. ಎರಡು ಸುತ್ತು, ಒಂದು ಕುಣಿಕೆ. ಗಂಟಿನಲ್ಲಿ ಮಲ್ಲಿಗೆಯ ಒಂದು ಮೊಗ್ಗು ಒಣಗಿ ಅಂಟಿಕೊಂಡಿತ್ತು.

ಮಾವ ಎಂದುಕೊಂಡೆ. ಮಾವ ಎರಡು ತಿಂಗಳಿಂದ ಈ ಊರಿಗೇ ಬಂದಿಲ್ಲವಲ್ಲ! ತಲೆಯೆತ್ತಿ ನೋಡಿದೆ. ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಒಂಬತ್ತು ವರ್ಷ, ಪ್ರತಿ ಎರಡನೇ ಭಾನುವಾರ, ಅವಳು ಅದೇ ಕಿಟಕಿಯಲ್ಲಿ ಸೊಪ್ಪು ಬಿಡಿಸಿದ್ದಾಳೆ. ತಮ್ಮನ ಕೈಯನ್ನು ಇಷ್ಟು ಗಮನವಿಟ್ಟು ನೋಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಸಿಟ್ಟೆಲ್ಲ ಇಳಿಯಿತು.

"ಎಂತ ಆಗದೆ ಅದ್ಕೆ?" ಎಂದು ಕೇಳಿದಳು, ಏನೂ ಅರಿಯದವಳಂತೆ.

"ಪ್ಲಗ್ಗು ಇರ್ಬೇಕು."

"ಹಂಗಾರೆ ಗೊತ್ತಿದ್ದವ್ರನ್ನ ಕರಿ. ನೀ ಕೈ ಹಾಕ್ಬೇಡ. ಕೋಳಿಗಳು ಹೆದರ್ತವೆ."

ಆ ಗಂಟನ್ನು ನಾನು ಮುಟ್ಟಲಿಲ್ಲ. ಬಾನೆಟ್ ಮುಚ್ಚಿ ಹೆಬಳೆಗೆ ಫೋನು ಮಾಡಿದೆ. "ಮಾವಾ, ಗಾಡಿ ನಡುಗ್ತಾ ಅದೆ" ಎಂದೆ. "ಬೆಳಿಗ್ಗೆಯಿಂದನಾ? ಅಕ್ಕಂಗೆ ಎಲ್ಲಾದ್ರೂ ಹೋಗೂದದ್ಯಾ ಇವತ್ತು?" ಎಂದ. "ಇಲ್ಲ, ಆದ್ರೂ..." ಎನ್ನುವಷ್ಟರಲ್ಲಿ "ಬಂದೆ, ಮುಟ್ಬೇಡ" ಎಂದು ಇಟ್ಟುಬಿಟ್ಟ.

ಮಧ್ಯಾಹ್ನದ ಬಿಸಿಲಿನಲ್ಲಿ ಬಂದ. ಪೋಣಿಸುತ್ತಿದ್ದ ದಂಡೆಯನ್ನು ಅರ್ಧಕ್ಕೇ ಎತ್ತಿಕೊಂಡು ಓಡಿ ಬಂದಿರಬೇಕು, ಬಾಳೆಲೆಯಿಂದ ನಾರಿನ ತುದಿ ಜೋತಾಡುತ್ತಿತ್ತು. ಗೇಟಿನಿಂದಲೇ ತೋಳು ಮಡಿಸುತ್ತ ಬಂದು ಬಾನೆಟ್ ಎತ್ತಿದ. ಬಗ್ಗಿದ. ಮತ್ತೆ ಮೇಲೇಳಲೇ ಇಲ್ಲ.

ಪಪ್ಪಾಯಿ ದಂಟು ಕೈಯಲ್ಲೇ ಉಳಿಯಿತು. ನಾನು ಎಂದೂ ನೋಡದಷ್ಟು ಹೊತ್ತು ಅವನು ಅಲುಗಾಡದೆ ನಿಂತ. ಆಮೇಲೆ ನನ್ನತ್ತ ತಿರುಗದೆ, "ಇದನ್ನ ನೀ ಕಟ್ಟಿದ್ದಾ?" ಎಂದ.

"ನಂಗೆ ಆ ಗಂಟು ಬರೂದಿಲ್ಲ ಮಾವಾ."

ಮಾವ ನಾರಿನ ತುದಿ ಹಿಡಿದು ಎಳೆದ. ಗಂಟು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಆ ನಾರನ್ನು, ಒಣಗಿದ ಮೊಗ್ಗಿನ ಸಮೇತ, ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಟೋಪಿಯನ್ನು ಒತ್ತಿ ಕೂರಿಸಿದ. "ಪ್ಲಗ್ಗು ಚಲೋ ಅದೆ" ಎಂದು ಎಂಜಿನ್ನಿಗೆ ಹೇಳಿದ.

ಹಿಂದೆ ಚಪ್ಪಲಿಯ ಸದ್ದಾಯಿತು. ಅಮ್ಮ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಅಂಗಳಕ್ಕೆ ಬಂದಿದ್ದಳು. ಜಗಲಿಯಲ್ಲಿ ಅಪ್ಪನ ಪೇಪರು ಕೆಳಗಿಳಿದಿತ್ತು.

"ತಮ್ಮಾ" ಎಂದಳು. "ಕೈ ತೊಳ್ಕಂಡು ಒಳಗೆ ಬಾ. ಸಾರು ಆರ್ತಾ ಅದೆ."

ಮಾವ ನನ್ನ ಮುಖ ನೋಡಿದ. ಒಂಬತ್ತು ವರ್ಷದ ಅಭ್ಯಾಸ; ನಾನು ಹೇಳುವವರೆಗೆ ಅವನಿಗೆ ಕೇಳಿಸುವುದಿಲ್ಲ. ನಾನು ಬಾಯಿ ಬಿಡಲಿಲ್ಲ. ಅವನು ಕಾದ. ಅಮ್ಮನೂ ಕಾದಳು.

"ನಂಗಲ್ಲ ಮಾವಾ" ಎಂದೆ ಕೊನೆಗೆ. "ನಿಂಗೇ ಹೇಳಿದ್ದು."

ಮಾವ ಮಸಿಯ ಕೈಗಳನ್ನು ನೋಡಿಕೊಂಡ. "ಐದೇ ನಿ..." ಎಂದವನು ಅಲ್ಲೇ ನುಂಗಿದ. ಕಣ್ಣಲ್ಲಿ ನೀರು ತುಂಬಿ ಬಂತು.

"ಬಂದೆ ಅಕ್ಕಾ. ಈಗ್ಲೇ ಬಂದೆ."

ಸ್ಪ್ಯಾನರನ್ನು ಎಂಜಿನ್ ಮೇಲೆಯೇ ಬಿಟ್ಟು, ಕೈಯನ್ನೂ ತೊಳೆಯದೆ, ಅವಳ ಹಿಂದೆಯೇ ಮೆಟ್ಟಿಲು ಹತ್ತಿದ. ಅಮ್ಮನ ಮಂಡಿ ನೋವಿನ ವೇಗಕ್ಕೆ ಸರಿಯಾಗಿ, ಒಂದೊಂದೇ ಮೆಟ್ಟಿಲು. ನಾನು ಸ್ಪ್ಯಾನರ್ ಎತ್ತಿ ಚೀಲಕ್ಕೆ ಹಾಕಿ, ಬಾನೆಟ್ ಮುಚ್ಚಿ, ಮುಖ ಒರೆಸಿಕೊಂಡು ಒಳಗೆ ಹೋದೆ.

ಮಾವ ಕೂತಿದ್ದ.